ಸೊನ್ನೆ ತೆಗೆದ ಏಳು ರಾತ್ರಿ

2021ರ ನವೆಂಬರ್ 14ರ ರಾತ್ರಿ ಹನ್ನೊಂದೂವರೆಗೆ ರೈಲ್ವೆಯ ಮುಂಗಡ ಬುಕಿಂಗ್ ವ್ಯವಸ್ಥೆಯನ್ನು ಬೇಕೆಂದೇ ನಿಲ್ಲಿಸಲಾಯಿತು. ಬೆಳಗಿನ ಜಾವ ಐದೂವರೆಯ ತನಕ ಟಿಕೆಟ್ ಬುಕ್ ಮಾಡುವಂತಿಲ್ಲ, ರದ್ದು ಮಾಡುವಂತಿಲ್ಲ. ಮರುದಿನವೂ ಅದೇ. ಹೀಗೆ ಸತತ ಏಳು ರಾತ್ರಿ, ರಾತ್ರಿಗೆ ಆರು ಗಂಟೆ. ಕಾರಣ ಕೇಳಿದರೆ ನಗು ಬರಬಹುದು: ರೈಲುಗಳ ನಂಬರಿನ ಮುಂದೆ ಕೂತಿದ್ದ ಸೊನ್ನೆಯನ್ನು ತೆಗೆಯಬೇಕಿತ್ತು.

ಕೊರೊನಾ ಬಂದು 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಆಮೇಲೆ ಒಂದೊಂದಾಗಿ ಹೊರಟಾಗ ಅವು ‘ವಿಶೇಷ ರೈಲು’ ಎಂಬ ಹೆಸರಿನಲ್ಲಿ ಹೊರಟವು. ವಿಶೇಷ ರೈಲಿನ ನಂಬರು ಸೊನ್ನೆಯಿಂದಲೇ ಶುರುವಾಗಬೇಕು ಎಂಬುದು ನಿಯಮ. ಹಾಗಾಗಿ ಸೊಲ್ಲಾಪುರದವರು ರಾತ್ರಿ ಹತ್ತಿ ಬೆಳಿಗ್ಗೆ ಮುಂಬೈಯಲ್ಲಿ ಇಳಿಯುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ 12116 ಇದ್ದದ್ದು 02116 ಆಯಿತು. ಬೆಂಗಳೂರಿನಿಂದ ಕಲಬುರಗಿ, ಸೊಲ್ಲಾಪುರ ಹಾದು ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ 11302ರಿಂದ 01302ಕ್ಕೆ ಬದಲಾಯಿತು. ಒಂದೂವರೆ ವರ್ಷದ ಮೇಲೆ ಹಳೆಯ ನಂಬರುಗಳಿಗೆ ಮರಳುವ ತೀರ್ಮಾನ ಬಂತು.

ಫಲಕದ ಮೇಲಿನ ಸೊನ್ನೆ ಅಳಿಸಲು ಒಂದು ಬ್ರಷ್ ಸಾಕು. ಗಣಕದೊಳಗಿನ ಸೊನ್ನೆ ಹಾಗಲ್ಲ. ಮುಂದಿನ ವಾರಗಳ ಟಿಕೆಟುಗಳು ಆಗಲೇ ಮಾರಾಟವಾಗಿದ್ದವು. ಒಬ್ಬೊಬ್ಬ ಪ್ರಯಾಣಿಕನ ಪಿಎನ್‌ಆರ್, ಬೋಗಿ, ಬರ್ತು, ವೇಟಿಂಗ್ ಲಿಸ್ಟಿನ ಸ್ಥಾನ, ಎಲ್ಲವೂ ಹಳೆಯ ನಂಬರಿಗೆ ಅಂಟಿಕೊಂಡಿದ್ದವು. ರೈಲಿನ ನಂಬರು ಬದಲಾಗಬೇಕು, ಆದರೆ ಟಿಕೆಟ್ ತೆಗೆದವನ ಬರ್ತು ಕದಲಬಾರದು. ದೇಶದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳಷ್ಟಕ್ಕೂ ಈ ಕೆಲಸ ಒಂದೇ ರಾತ್ರಿಯಲ್ಲಿ ಆಗದು ಎಂದೇ ಏಳು ರಾತ್ರಿಗೆ ಹಂಚಿದ್ದು. ಹಗಲಿನಲ್ಲಿ ಎಂದಿನಂತೆ ಟಿಕೆಟ್ ಮಾರಾಟ ನಡೆಯಿತು.

ಇದನ್ನು ಮಾಡಿದ್ದು ಹೊರಗಿನ ಸಾಫ್ಟ್‌ವೇರ್ ಕಂಪನಿಯಲ್ಲ. ರೈಲ್ವೆ ಸಚಿವಾಲಯದ್ದೇ ಆದ ‘ಕ್ರಿಸ್’, ಅಂದರೆ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರ, 1986ರ ಜುಲೈಯಲ್ಲಿ ದೆಹಲಿಯಲ್ಲಿ ಹುಟ್ಟಿದ ಸಂಸ್ಥೆ. ಹನ್ನೆರಡು ಲಕ್ಷದಷ್ಟು ನೌಕರರಿರುವ ಒಂದು ಮನೆಗೆ ಇದೇ ಮನೆಯೊಳಗಿನ ಐಟಿ ಇಲಾಖೆ. ದೊಡ್ಡ ಸಂಸ್ಥೆಗಳ ಒಳಗಿನ ಐಟಿ ವಿಭಾಗ ಎಂದರೆ ಹಾಳಾದ ಪ್ರಿಂಟರು ಸರಿ ಮಾಡುವವರು, ಮರೆತ ಪಾಸ್‌ವರ್ಡ್ ಕೊಡುವವರು ಎಂಬ ಕಲ್ಪನೆ ನಮ್ಮಲ್ಲಿದೆ. ಅದು ಸುಳ್ಳಲ್ಲ, ಆದರೆ ಅದು ಬಾಗಿಲಲ್ಲಿ ಕಾಣುವಷ್ಟು ಮಾತ್ರ. ಒಳಗೇನಿದೆ ಎಂದು ನೋಡಲು ಸೊಲ್ಲಾಪುರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಾಲದಲ್ಲಿ. 1871ರಲ್ಲಿ ಈ ಹಳಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಮುಂಬೈ ಮತ್ತು ಮದರಾಸು ರೈಲಿನಲ್ಲಿ ಬೆಸೆದದ್ದು ಹಾಗೆ. ಇವತ್ತು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ ಕುರ್ಡುವಾಡಿ, ಪಂಢರಪುರ, ಅಕ್ಕಲಕೋಟ ರೋಡ್, ದುಧನಿ ಇವೆ; ಗಡಿ ದಾಟಿದ ಮೇಲೆ ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ್, ವಾಡಿಯೂ ಇವೆ. ರಾಜ್ಯ ಬೇರೆ, ವಿಭಾಗ ಒಂದೇ. ಕೌಂಟರಿನಲ್ಲಿ ಕೂತ ಗುಮಾಸ್ತರ ಕಿವಿಗೆ ಒಂದೇ ಪಾಳಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಬೀಳುತ್ತವೆ. ಗಣಕಕ್ಕೆ ಮಾತ್ರ ಇವು ಯಾವುವೂ ಗೊತ್ತಿಲ್ಲ. ಅದಕ್ಕೆ ಸೊಲ್ಲಾಪುರ ಎಂದರೆ ಎಸ್‌ಯುಆರ್, ಅಕ್ಕಲಕೋಟ ರೋಡ್ ಎಂದರೆ ಎಕೆಒಆರ್, ಹೋಟಗಿ ಎಂದರೆ ಎಚ್‌ಜಿ.

ಈ ಅಕ್ಷರಗಳನ್ನು ಹಗುರವಾಗಿ ಕಾಣಬಾರದು. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಊರಿನವರಿಗೆ ಅದು ಸಂಭ್ರಮ, ಕನ್ನಡಿಗರಿಗೆ ಹಳೆಯ ಹೆಸರು ಮರಳಿದ ಸಮಾಧಾನ. ರೈಲ್ವೆಯ ಗಣಕ ವಿಭಾಗಕ್ಕೆ ಅದು ಕೆಲಸ. ನಿಲ್ದಾಣದ ಹೆಸರು ಬದಲಾಗಿ, ಜಿಆರ್ ಎಂದಿದ್ದ ಸಂಕೇತ ಕೆಎಲ್‌ಬಿಜಿ ಆಯಿತು. ಟಿಕೆಟ್ ಬುಕಿಂಗ್, ಸಾಮಾನ್ಯ ಟಿಕೆಟ್, ರೈಲಿನ ಓಟ ತೋರಿಸುವ ತಂತ್ರಾಂಶ, ಸರಕು ಲೆಕ್ಕ, ಹೀಗೆ ಆ ಎರಡಕ್ಷರ ಕೂತ ಕೋಷ್ಟಕಗಳನ್ನೆಲ್ಲ ಹುಡುಕಿ ತಿದ್ದಬೇಕು. ಆದರೆ ಹೋದ ವರ್ಷದ ಲೆಕ್ಕದಲ್ಲಿ ಜಿಆರ್ ಜಿಆರ್ ಆಗಿಯೇ ಉಳಿಯಬೇಕು, ಇಲ್ಲವಾದರೆ ಹಳೆಯ ದಾಖಲೆ ಹೊಸದಕ್ಕೆ ತಾಳೆಯಾಗುವುದಿಲ್ಲ. ಒಳ್ಳೆಯ ಪ್ರೋಗ್ರಾಮರ್ ಎಲ್ಲಿಯಾದರೂ ಸಿಗುತ್ತಾನೆ. ಕೆಎಲ್‌ಬಿಜಿ ಹಿಂದೆ ಜಿಆರ್ ಆಗಿತ್ತು, ಅದು ಎಲ್ಲೆಲ್ಲಿ ಅಡಗಿದೆ ಎಂದು ಬಲ್ಲವನು ಆ ಮನೆಯಲ್ಲೇ ಬೆಳೆದಿರಬೇಕು.

ರೈಲಿನ ನಂಬರಿಗೂ ಇಂಥದೇ ವಂಶಾವಳಿ ಇದೆ. ಮೊದಲು ಅವು ನಾಲ್ಕಂಕಿಯವು. ಸಿದ್ಧೇಶ್ವರ ಆಗ 2116. ರೈಲುಗಳು ಹೆಚ್ಚಿ ನಂಬರುಗಳು ಸಾಲದಾದಾಗ 2010ರ ಡಿಸೆಂಬರ್ 20ರಿಂದ ಐದಂಕಿ ಬಂತು. ಮುಂದೆ ಒಂದು ಸೇರಿ 12116. ಆಮೇಲೆ 02116, ಮತ್ತೆ 12116. ಹನ್ನೊಂದು ವರ್ಷದಲ್ಲಿ ಒಂದೇ ರೈಲಿಗೆ ಮೂರು ಸಲ ನಂಬರು ಬದಲು. ಪ್ರಯಾಣಿಕ ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕಿಲ್ಲ. ಯಾರೋ ಒಬ್ಬರು ಇಟ್ಟುಕೊಂಡಿರಬೇಕು.

ರೈಲ್ವೆಗೆ ಕಂಪ್ಯೂಟರು ಬಂದದ್ದು ಟಿಕೆಟಿಗಾಗಿ ಅಲ್ಲ. 1960ರ ದಶಕದ ಕೊನೆಯ ವರ್ಷಗಳಲ್ಲಿ ವಲಯ ಕಚೇರಿಗಳಿಗೆ ಐಬಿಎಂ 1401 ಯಂತ್ರಗಳು ಬಂದಾಗ ಅವಕ್ಕೆ ಕೊಟ್ಟ ಕೆಲಸ ಸಂಬಳದ ಪಟ್ಟಿ, ಉಗ್ರಾಣದ ದಾಸ್ತಾನು, ಸರಕು ಸಾಗಣೆಯ ಅಂಕಿಅಂಶ. ಆ ಕೋಣೆಗಳಿಗೆ ಇಡಿಪಿ (ವಿದ್ಯುನ್ಮಾನ ದತ್ತಾಂಶ ಸಂಸ್ಕರಣೆ) ಕೇಂದ್ರ ಎಂದು ಹೆಸರಾಯಿತು. ಹಳೆಯ ನೌಕರರ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಟಿಕೆಟಿನ ಸರದಿ ಬಂದದ್ದು 1985ರಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಗಣಕೀಕೃತ ಬುಕಿಂಗ್ ಪ್ರಾಯೋಗಿಕವಾಗಿ ಶುರುವಾಯಿತು. ಅದನ್ನು ಬರೆದುಕೊಟ್ಟದ್ದು ಸರ್ಕಾರಿ ಕಂಪನಿಯಾಗಿದ್ದ ಸಿಎಂಸಿ. ಅನಂತರ ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳು ಬಂದವು.

ಆದರೆ ಐದೂ ಕೇಂದ್ರಗಳು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಆಗ ಮರುಪ್ರಯಾಣದ ಬರ್ತು ಬೇಕೆಂದರೆ ಆ ಊರಿಗೆ ರೈಲ್ವೆ ತಂತಿ ಹೋಗಬೇಕು, ಉತ್ತರ ಬರಬೇಕು. ಸೊಲ್ಲಾಪುರದಿಂದ ಮುಂಬೈಗೆ ಮದುವೆಗೆ ಹೊರಟ ಕುಟುಂಬ ವಾಪಸು ಬರುವ ಟಿಕೆಟಿನ ಚಿಂತೆಯನ್ನೂ ಜೊತೆಗೇ ಕಟ್ಟಿಕೊಂಡು ಹೋಗುತ್ತಿದ್ದ ಕಾಲ ಅದು. ‘ಕಾನ್ಸರ್ಟ್’ ಎಂಬ ತಂತ್ರಾಂಶ ಬರೆದು ಐದನ್ನೂ ಬೆಸೆದವರು ಕ್ರಿಸ್‌ನವರು. 1999ರ ಏಪ್ರಿಲ್‌ನಲ್ಲಿ ಆ ಕೆಲಸ ಮುಗಿಯಿತು. ಆಮೇಲೆ ಯಾವ ಊರಿನ ಕೌಂಟರಿನಿಂದಲೂ ಯಾವ ಊರಿನ ರೈಲಿಗೂ ಟಿಕೆಟ್. ಕಟ್ಟಿಕೊಟ್ಟವರು ಹೊರಗಿನವರು, ನಲವತ್ತು ವರ್ಷ ನಡೆಸಿಕೊಂಡು ಬಂದವರು ಒಳಗಿನವರು. ಇಂಥ ವಿಭಾಗಗಳ ಕಥೆ ಬಹುಮಟ್ಟಿಗೆ ಇಷ್ಟೇ. ಕಟ್ಟಿದವರ ಹೆಸರು ಉದ್ಘಾಟನೆಯ ಫಲಕದಲ್ಲಿರುತ್ತದೆ, ನಡೆಸುವವರದು ಪಾಳಿಯ ಪಟ್ಟಿಯಲ್ಲಿ.

ಐದು ಕೇಂದ್ರಗಳ ಗುರುತು ಇವತ್ತೂ ಪ್ರಯಾಣಿಕನ ಕೈಯಲ್ಲಿದೆ. ಪಿಎನ್‌ಆರ್‌ನ ಮೊದಲ ಅಂಕಿ ನೋಡಿ. 8 ಅಥವಾ 9 ಇದ್ದರೆ ಅದು ಮುಂಬೈ ಕೇಂದ್ರದ್ದು, 4 ಅಥವಾ 5 ಇದ್ದರೆ ಚೆನ್ನೈಯದು.

ಇನ್ನು ಪಂಢರಪುರದ ಆಷಾಢಿ ಯಾತ್ರೆ. ಪ್ರತಿವರ್ಷ ಆ ದಿನಗಳಿಗೆ ವಿಶೇಷ ರೈಲುಗಳು ಬೇಕು. ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿಯಾಗಿ ಬರುವ ಒಂದು ವಿಶೇಷ ರೈಲು ಮೊದಲು ಗಣಕದೊಳಗೆ ಹುಟ್ಟಬೇಕು. ನಂಬರು, ಓಡುವ ದಿನಗಳು, ಒಂದೊಂದು ನಿಲ್ದಾಣಕ್ಕೂ ಬರುವ ಮತ್ತು ಬಿಡುವ ಸಮಯ, ನಿಲ್ದಾಣದಿಂದ ನಿಲ್ದಾಣಕ್ಕೆ ದೂರ, ಎಷ್ಟು ಬೋಗಿ, ಯಾವ ದರ್ಜೆ, ಯಾವ ನಿಲ್ದಾಣಕ್ಕೆ ಎಷ್ಟು ಬರ್ತು, ತತ್ಕಾಲ್‌ಗೆ ಎಷ್ಟು, ಮಹಿಳೆಯರಿಗೆ ಎಷ್ಟು, ಚಾರ್ಟು ಯಾವಾಗ. ದೂರ ತಪ್ಪಿದರೆ ದರ ತಪ್ಪುತ್ತದೆ. ಬೋಗಿಯ ಬಗೆ ತಪ್ಪಿದರೆ ಇಲ್ಲದ ಬರ್ತು ಮಾರಾಟವಾಗಿ ಪ್ಲಾಟ್‌ಫಾರ್ಮಿನಲ್ಲಿ ಜಗಳವಾಗುತ್ತದೆ. ಇದನ್ನು ತುಂಬುವವನಿಗೆ ವಾರಕರಿ ಯಾತ್ರೆ ಅಂದರೇನು, ಕುರ್ಡುವಾಡಿಯಲ್ಲಿ ರೈಲು ಏಕೆ ನಿಲ್ಲಬೇಕು ಎಂದು ಗೊತ್ತಿದ್ದರೆ ಕೆಲಸ ಸಲೀಸು. ಗೊತ್ತಿಲ್ಲದವನು ಕೇಳಿ ಕೇಳಿ ಮಾಡಬೇಕು. ಅಕ್ಕಲಕೋಟದ ಸ್ವಾಮಿ ಸಮರ್ಥರ ಭಕ್ತರದೂ ಇದೇ ಮಾತು. ಅಕ್ಕಲಕೋಟ ರೋಡ್ ನಿಲ್ದಾಣ ಊರಿನಿಂದ ಹತ್ತು ಕಿಲೊಮೀಟರಿನಷ್ಟು ದೂರ. ಹಾಗಾಗಿ ಎಷ್ಟೋ ಭಕ್ತರು ಸೊಲ್ಲಾಪುರದಲ್ಲೇ ಇಳಿದು ಬಸ್ ಹಿಡಿಯುತ್ತಾರೆ. ಟಿಕೆಟಿನ ಅಂಕಿ ಮಾತ್ರ ನೋಡಿದವನಿಗೆ ಅಕ್ಕಲಕೋಟಕ್ಕೆ ಜನ ಕಡಿಮೆ ಎಂದು ಕಾಣಬಹುದು.

ಪ್ರಯಾಣಿಕರಿಗೆ ಕಾಣದ ಕಿಟಕಿ ಇನ್ನೊಂದಿದೆ, ಲೋಕೊ ಪೈಲಟ್‌ಗಳ ಲಾಬಿ. ಡ್ಯೂಟಿಗೆ ಬಂದ ಚಾಲಕ ಅಲ್ಲಿಯ ಕಿಯಾಸ್ಕಿನಲ್ಲಿ ಬೆರಳಿಟ್ಟು ‘ಸೈನ್ ಆನ್’ ಆಗಬೇಕು. ಕುಡಿದಿಲ್ಲ ಎಂದು ಉಸಿರಿನ ಪರೀಕ್ಷೆಯಾಗಬೇಕು. ಹಿಂದಿನ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯಿತು, ಸಾಕಷ್ಟು ವಿಶ್ರಾಂತಿ ಸಿಕ್ಕಿದೆಯೇ, ಈ ಮಾರ್ಗದಲ್ಲಿ ಓಡಿಸಲು ಅರ್ಹತೆ ಇದೆಯೇ ಎಂಬುದನ್ನೆಲ್ಲ ಕ್ರಿಸ್ ಬರೆದ ‘ಸಿಎಂಎಸ್’ ತಂತ್ರಾಂಶ ಲೆಕ್ಕ ಇಡುತ್ತದೆ. ಈ ಯಂತ್ರ ನಡುರಾತ್ರಿ ಕೈಕೊಟ್ಟರೆ ಫೋನು ಹೋಗುವುದು ತಂತ್ರಜ್ಞರಿಗೆ. ಆ ಹೊತ್ತಿಗೆ ಅಲ್ಲಿ ಬೇಕಾದವನು ಯಂತ್ರ ಬಲ್ಲವನಷ್ಟೇ ಅಲ್ಲ. ಹೊರಗೆ ಹೊರಡಬೇಕಾದ ಗಾಡಿ ನಿಂತಿದೆ, ಅದರ ಹಿಂದೆ ಇನ್ನೊಂದು ಬರುತ್ತಿದೆ ಎಂಬ ಅರಿವೂ ಅವನಿಗೆ ಇರಬೇಕು.

ಇಂಥ ತಂತ್ರಾಂಶವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಕಡೆ ನೋಡಬೇಕು. 2022ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಹಿಮಬಿರುಗಾಳಿ ಬೀಸಿತು. ಉಳಿದ ಕಂಪನಿಗಳು ಎರಡು ಮೂರು ದಿನಗಳಲ್ಲಿ ಚೇತರಿಸಿಕೊಂಡವು. ಸೌತ್‌ವೆಸ್ಟ್‌ಗೆ ತನ್ನ ಪೈಲಟ್‌ಗಳು ಎಲ್ಲಿದ್ದಾರೆ ಎಂಬುದೇ ಗೊತ್ತಾಗದೆ ಹೋಯಿತು. ಸಿಬ್ಬಂದಿಯನ್ನು ವಿಮಾನಗಳಿಗೆ ಹೊಂದಿಸುವ ತಂತ್ರಾಂಶ ಹಳೆಯದು, ಬದಲಾವಣೆಗಳ ಭಾರ ಅದಕ್ಕೆ ತಡೆಯಲಿಲ್ಲ. ಗಂಟೆಗಟ್ಟಲೆ ಫೋನು ಹಿಡಿದು ಪೈಲಟ್‌ಗಳು ತಾವಿರುವ ಊರನ್ನು ತಾವೇ ತಿಳಿಸಬೇಕಾಯಿತು. 16,000ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಮರುವರ್ಷ ಅಮೆರಿಕ ಸರ್ಕಾರ 14 ಕೋಟಿ ಡಾಲರ್ ದಂಡ ವಿಧಿಸಿತು. ಈ ತಂತ್ರಾಂಶದ ಬಗ್ಗೆ ಪೈಲಟ್‌ಗಳ ಸಂಘ ಅದಕ್ಕೂ ಮೊದಲೇ ವರ್ಷಗಟ್ಟಲೆ ಎಚ್ಚರಿಸುತ್ತ ಬಂದಿತ್ತು. ಒಳಗಿನ ಐಟಿಗೆ ಹಾಕುವ ಹಣ ಆಯವ್ಯಯದಲ್ಲಿ ಬರಿ ಖರ್ಚಾಗಿ ಕಾಣುತ್ತದೆ. ಹಾಕದೆ ಬಿಟ್ಟ ಹಣ ಕಾಣಿಸಿಕೊಳ್ಳುವುದು ಇಂಥ ವಾರದಲ್ಲಿ.

ಸೊಲ್ಲಾಪುರದ ಕಡೆ ಮರಳೋಣ. ‘ಲಿಂಕ್ ಇಲ್ಲರೀ, ಸ್ವಲ್ಪ ನಿಲ್ರಿ’ ಎಂಬ ಮಾತನ್ನು ಟಿಕೆಟ್ ಕೌಂಟರಿನಲ್ಲಿ ಕೇಳದವರು ಕಡಿಮೆ. ಆ ‘ಲಿಂಕ್’ ಯಾರದು? ಕೌಂಟರಿನಲ್ಲಿ ಕೂತವರು ವಾಣಿಜ್ಯ ವಿಭಾಗದವರು. ನಿಲ್ದಾಣದ ಕೇಬಲ್ಲು ಸಿಗ್ನಲ್ ಮತ್ತು ಟೆಲಿಕಾಂ ವಿಭಾಗದ್ದು. ಹಳಿಯ ಪಕ್ಕ ನೆಲದೊಳಗೆ ಓಡುವ ಫೈಬರು 2000ದಲ್ಲಿ ಹುಟ್ಟಿದ ರೈಲ್‌ಟೆಲ್ ಕಂಪನಿಯದು. ತಂತ್ರಾಂಶ ಕ್ರಿಸ್‌ನದು. ನಾಲ್ವರಲ್ಲಿ ಯಾರ ಕಡೆ ತಪ್ಪಾದರೂ ಬೈಸಿಕೊಳ್ಳುವವರು ಕಿಟಕಿಯ ಹಿಂದಿನ ಗುಮಾಸ್ತರು. ಕೂಡುಕುಟುಂಬದ ಅಡುಗೆಮನೆಯಲ್ಲಿ ಹಾಲು ಉಕ್ಕಿದಂತೆ ಇದು, ಒಲೆ ಯಾರದೆಂಬ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಹಾಲು ಹೋಗಿರುತ್ತದೆ. ಅನುಭವಸ್ಥ ತಂತ್ರಜ್ಞ ಮೊದಲು ಕೇಳುವುದು ಒಂದೇ: ಪಕ್ಕದ ಕೌಂಟರು ನಡೆಯುತ್ತಿದೆಯೇ? ನಡೆಯುತ್ತಿದ್ದರೆ ದೋಷ ಈ ಮೇಜಿನದು. ಇಲ್ಲವಾದರೆ, ಪಕ್ಕದ ನಿಲ್ದಾಣ? ಹೀಗೆ ಒಂದೊಂದೇ ಹೊರಗಿಡುತ್ತ ಹೋಗಬೇಕು.

ದೂರದ ತಪ್ಪಿಗೆ ಹತ್ತಿರದ ಕೈಯೇ ಬೇಕಾಗುತ್ತದೆ ಎಂಬುದು 2024ರ ಜುಲೈ 19ರಂದು ಇಡೀ ಜಗತ್ತಿಗೆ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷದ ಕಡತದಿಂದ 85 ಲಕ್ಷದಷ್ಟು ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಂಪನಿ ತನ್ನ ಕಡತವನ್ನು ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡರೂ ಆಗಲೇ ಕೆಟ್ಟ ಯಂತ್ರಗಳು ತಾವಾಗಿ ಏಳಲಿಲ್ಲ. ಅವುಗಳಲ್ಲಿ ಬಹುಪಾಲನ್ನು ಯಾರಾದರೂ ಮುಂದೆ ಕೂತು ಸುರಕ್ಷಿತ ಸ್ಥಿತಿಯಲ್ಲಿ ಶುರು ಮಾಡಿ, ಆ ಕಡತ ಅಳಿಸಬೇಕಿತ್ತು. ಕಂಪನಿಗಳ ಒಳಗಿನ ಐಟಿ ಸಿಬ್ಬಂದಿ ಮೇಜಿನಿಂದ ಮೇಜಿಗೆ ನಡೆದು ಅದನ್ನು ಮಾಡಿದರು. ಆ ಸಿಬ್ಬಂದಿಯನ್ನು ‘ಉಳಿತಾಯ’ಕ್ಕಾಗಿ ಕಡಿಮೆ ಮಾಡಿದ್ದ ಕಡೆ ಎಷ್ಟು ಹೊತ್ತಾಗಿರಬಹುದು ಎಂದು ಊಹಿಸಬಹುದು.

ಸರಕಿನ ಲೆಕ್ಕದ ಬಗ್ಗೆ ಒಂದು ಮಾತು ಹೇಳದೆ ಸೊಲ್ಲಾಪುರ ಬಿಡುವಂತಿಲ್ಲ. ಹೋಟಗಿಯಿಂದ ವಿಜಯಪುರ, ಗದಗದ ಕಡೆ ಕವಲೊಡೆಯುವ ಹಳಿ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ್ದು. ವಾಡಿಯಿಂದ ಆಚೆ ಸಿಕಂದರಾಬಾದ್ ಕಡೆ ದಕ್ಷಿಣ ಮಧ್ಯ ರೈಲ್ವೆ. ವಾಡಿಯ ಸಿಮೆಂಟು ಹೊತ್ತ ರೇಕ್ ಆಗಲಿ, ಸೊಲ್ಲಾಪುರದ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನ ರೇಕ್ ಆಗಲಿ, ವಲಯದ ಗಡಿ ದಾಟಿದ ಕ್ಷಣ ಅದು ಯಾರ ಲೆಕ್ಕಕ್ಕೆ ಎಂಬುದು ಬದಲಾಗುತ್ತದೆ. ಹಿಂದೆ ಗಡಿಯ ನಿಲ್ದಾಣಗಳಲ್ಲಿ ವ್ಯಾಗನ್ ನಂಬರುಗಳನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಆ ಕೆಲಸ ಸರಕು ಮಾಹಿತಿ ವ್ಯವಸ್ಥೆಯಾದ ‘ಎಫ್‌ಒಐಎಸ್’ನದು. ರೈಲು ಎಲ್ಲಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ ಕಂಟ್ರೋಲ್ ಕೋಣೆಯ ಉದ್ದನೆಯ ಚಾರ್ಟೂ ಪರದೆಗೆ ಬಂದಿದೆ. ಇಸ್ರೊ ನೆರವಿನ ‘ಆರ್‌ಟಿಐಎಸ್’ ಸಾಧನವಿರುವ ಎಂಜಿನುಗಳು ತಾವಿರುವ ಜಾಗವನ್ನು ಉಪಗ್ರಹದ ಮೂಲಕ ಅರ್ಧ ನಿಮಿಷಕ್ಕೊಮ್ಮೆ ತಿಳಿಸುತ್ತವೆ. ನಮ್ಮ ಮೊಬೈಲಿನಲ್ಲಿ ‘ರೈಲು ದುಧನಿ ಬಿಟ್ಟಿದೆ’ ಎಂದು ಕಾಣುವುದರ ಹಿಂದೆ ಇಷ್ಟು ಕೈಗಳಿವೆ.

ನೌಕರರ ಕೆಲಸವೂ ಇದೇ ದಾರಿ ಹಿಡಿದಿದೆ. ರೈಲ್ವೆ ನೌಕರನಿಗೆ ಪಾಸು ಎಂದರೆ ಹಕ್ಕು, ಗೌರವ, ಸ್ವಲ್ಪ ಮಟ್ಟಿಗೆ ಮದುವೆ ಸಂಬಂಧದ ಮಾತುಕತೆಯಲ್ಲಿ ಬರುವ ಅರ್ಹತೆ ಕೂಡ. 2020ರ ಆಗಸ್ಟ್‌ನಿಂದ ಅದು ‘ಎಚ್‌ಆರ್‌ಎಂಎಸ್’ ತಂತ್ರಾಂಶದಲ್ಲಿ ಇ-ಪಾಸ್ ಆಗಿದೆ. ಗುಮಾಸ್ತರ ಮೇಜಿಗೆ ಅಲೆಯುವುದು ತಪ್ಪಿತು. ಆದರೆ ಸರ್ವಿಸ್ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೆ ಯಂತ್ರ ಒಪ್ಪುವುದಿಲ್ಲ. ಮೊದಲಾದರೆ ಗುಮಾಸ್ತರು ಮುಖ ನೋಡಿ ಸರಿಪಡಿಸುತ್ತಿದ್ದರು. ಎಷ್ಟೋ ದೂರುಗಳು ತಂತ್ರಾಂಶದ್ದಲ್ಲ, ಮೂವತ್ತು ವರ್ಷ ಹಿಂದೆ ಯಾರೋ ಬರೆದ ಅಕ್ಷರದ್ದು.

ಇದು ರೈಲ್ವೆಯೊಂದರ ಕಥೆಯಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸರ್ಕಾರದ ಮಟ್ಟಿಗೆ ಅದು ಒಂದು ದಿನದ ಕೆಲಸ. ಆದರೆ ಎರಡೂ ಬ್ಯಾಂಕುಗಳ ಮೂಲ ತಂತ್ರಾಂಶ ಫ್ಲೆಕ್ಸ್‌ಕ್ಯೂಬ್ ಆಗಿದ್ದರೂ ಖಾತೆಗಳು ಎರಡು ಬೇರೆ ವ್ಯವಸ್ಥೆಗಳಲ್ಲಿದ್ದವು. ಖಾತೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿ, ಎಸ್‌ವೈಎನ್‌ಬಿಯಿಂದ ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಸಂಕೇತಗಳು ಕೊನೆಯಾಗುವ ಹೊತ್ತಿಗೆ 2021ರ ಜೂನ್ 30 ಬಂದಿತ್ತು. ಆ ಹದಿನೈದು ತಿಂಗಳು ಕೆಲಸ ಮಾಡಿದವರನ್ನು ಯಾವ ಸಮಾರಂಭದಲ್ಲೂ ನೋಡಿದ ನೆನಪಿಲ್ಲ.

ಬೆಂಗಳೂರಿನಲ್ಲಂತೂ ಇದು ಒಂದು ಉದ್ಯಮವೇ ಆಗಿದೆ. ಟೆಸ್ಕೊ, ಟಾರ್ಗೆಟ್‌ನಂಥ ವಿದೇಶಿ ಅಂಗಡಿ ಸರಪಳಿಗಳ ಒಳಗಿನ ಐಟಿ ವಿಭಾಗಗಳು ಇಪ್ಪತ್ತು ವರ್ಷಗಳಿಂದ ಅಲ್ಲಿವೆ. ಇಂಥ ಕೇಂದ್ರಗಳಿಗೆ ಈಗಿನ ಹೆಸರು ಜಿಸಿಸಿ. ಇವುಗಳಿಗಾಗಿಯೇ ಕರ್ನಾಟಕ ಸರ್ಕಾರ 2024ರಲ್ಲಿ ಪ್ರತ್ಯೇಕ ನೀತಿ ತಂದು, 2029ರ ಹೊತ್ತಿಗೆ ಇನ್ನೂ 500 ಕೇಂದ್ರಗಳ ಗುರಿ ಇಟ್ಟುಕೊಂಡಿದೆ. ಅಲ್ಲಿ ಕೆಲಸ ಮಾಡುವವರಿಗೆ ಲಂಡನ್ನಿನ ಅಂಗಡಿಯಲ್ಲಿ ಬ್ರೆಡ್ಡು ಯಾವ ಹೊತ್ತಿಗೆ ಖಾಲಿಯಾಗುತ್ತದೆ ಎಂದು ಗೊತ್ತಿರುತ್ತದೆ. ಅದೇ ಅವರ ಬೆಲೆ. ಗುತ್ತಿಗೆಯ ಪ್ರಾಜೆಕ್ಟಿನಲ್ಲಿ ಎರಡು ವರ್ಷಕ್ಕೊಮ್ಮೆ ಗಿರಾಕಿ ಬದಲಾಗುವ ಕಡೆ ಇಂಥ ತಿಳಿವಳಿಕೆ ಬೇರು ಬಿಡುವುದು ಕಷ್ಟ. ಮನೆಯ ಐಟಿಯನ್ನು ಪೂರ್ತಿ ಹೊರಗೆ ಕೊಟ್ಟ ಸಂಸ್ಥೆಗಳು ಕಳೆದುಕೊಳ್ಳುವುದು ಪ್ರೋಗ್ರಾಮರುಗಳನ್ನಲ್ಲ, ಈ ತಿಳಿವಳಿಕೆಯನ್ನು.

ರೈಲ್ವೆಯ ಬುಕಿಂಗ್ ವ್ಯವಸ್ಥೆಯೂ ಈಗ ಹೊಸದಾಗುತ್ತಿದೆ. ನಿಮಿಷಕ್ಕೆ 32,000 ಟಿಕೆಟ್ ಕೊಡುವ ಆಗಿನ ಶಕ್ತಿಯನ್ನು ಒಂದೂವರೆ ಲಕ್ಷಕ್ಕೆ ಏರಿಸುವುದಾಗಿ 2025ರ ಜೂನ್‌ನಲ್ಲಿ ಸಚಿವಾಲಯ ಹೇಳಿತು. ಕೆಲಸ ಕ್ರಿಸ್‌ನದೇ. ನಡುವೆ ನಿಯಮಗಳೂ ನಿಂತಿಲ್ಲ. ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿಯಿತು, ತತ್ಕಾಲ್‌ಗೆ ಆಧಾರ್ ಬಂತು, ಚಾರ್ಟಿನ ಹೊತ್ತು ಹಿಂದಕ್ಕೆ ಬಂತು. ಒಂದೊಂದು ಸುತ್ತೋಲೆಯೂ ಯಾರದೋ ರಾತ್ರಿ ಪಾಳಿ.

ಸೊಲ್ಲಾಪುರದ ವಾಲ್‌ಚಂದ್ ತಾಂತ್ರಿಕ ಕಾಲೇಜು ಶುರುವಾದದ್ದು 1983ರಲ್ಲಿ. ಅಲ್ಲಿ ಮತ್ತು ಸುತ್ತಲಿನ ಕಾಲೇಜುಗಳಲ್ಲಿ ಓದಿದ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳ ಮಕ್ಕಳು ಪುಣೆ, ಬೆಂಗಳೂರಿನ ದಾರಿ ಹಿಡಿಯುತ್ತಾರೆ, ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಪಸ್ ಸಂದರ್ಶನಕ್ಕೆ ಕಾಯುತ್ತಾರೆ. ಹೆಸರಾಂತ ಕಂಪನಿಯ ಕೊರಳಪಟ್ಟಿಗೆ ಇರುವ ಬೆಲೆ ಊರಲ್ಲಿ ಬ್ಯಾಂಕಿನ, ವಿದ್ಯುತ್ ಸ್ಥಾವರದ, ರೈಲ್ವೆಯ ಐಟಿ ಕೆಲಸಕ್ಕೆ ಇಲ್ಲ ಎಂಬುದು ನಿಜ. ಆದರೆ ಕ್ರಿಸ್ ತನ್ನ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಗೇಟ್ ಪರೀಕ್ಷೆಯ ಅಂಕಗಳ ಮೇಲೆ ನೇಮಿಸಿಕೊಂಡಿದೆ, ಹುದ್ದೆಗಳು ತೆರೆದಾಗ ಪ್ರಕಟಣೆ ಅದರ ಜಾಲತಾಣದಲ್ಲೇ ಬರುತ್ತದೆ. ಗೇಟ್ ಬರೆದು ಅಂಕಪಟ್ಟಿಯನ್ನು ಕಪಾಟಿನಲ್ಲಿ ಇಟ್ಟಿರುವವರು ಆ ಕಡೆಗೂ ಒಮ್ಮೆ ಅರ್ಜಿ ಹಾಕಿ ನೋಡಿ.